ಸವೆದು ಸಮವಾಗುವ ವಿದ್ಯೆ: ಗಣಕಯಂತ್ರದ ಬಿಸಿಯೂ ನಮ್ಮ ಸೀಮೆಯ ಕಲ್ಲೂ

ಯಾದಗಿರಿ, ಶಹಾಪುರ, ಸುರಪುರಗಳ ಬಿಸಿಲನ್ನು ಕುರಿತು ಈ ಪತ್ರಿಕೆಯ ಓದುಗ ಬಂಧುಗಳಿಗೆ ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣತೆಯು 40 ಡಿಗ್ರಿಯನ್ನು ದಾಟುವುದು ಇಲ್ಲಿ ವಾರ್ತೆಯೇ ಅಲ್ಲ. ಮನುಷ್ಯನಾದರೋ ಬೇವಿನ ನೆರಳನ್ನು ಹುಡುಕುತ್ತಾನೆ, ಹರವಿಯ ನೀರನ್ನೂ ಮಜ್ಜಿಗೆಯನ್ನೂ ಕುಡಿದು ಮಧ್ಯಾಹ್ನವನ್ನು ಕಳೆಯುತ್ತಾನೆ. ದನಕರುಗಳು ಗೋದಲಿಯನ್ನು ಬಿಟ್ಟು ಕದಲುವುದಿಲ್ಲ. ಆದರೆ ಕಳೆದ ಕೆಲವು ದಶಕಗಳಲ್ಲಿ ನಮ್ಮ ಮನೆಗಳಿಗೂ ಅಂಗಡಿಗಳಿಗೂ ಬಂದು ಸೇರಿರುವ ಒಂದು ಯಂತ್ರಕ್ಕೆ ಮಾತ್ರ ಈ ವಿಶ್ರಾಂತಿಯ ಭಾಗ್ಯವಿಲ್ಲ. ಅದು ಗಣಕಯಂತ್ರ. ನಡು ಮಧ್ಯಾಹ್ನದಲ್ಲಿಯೇ ಅದಕ್ಕೆ ಹೆಚ್ಚಿನ ಕೆಲಸ; ತಗಡಿನ ಮಾಡಿನ ಕೆಳಗಿನ ಚಿಕ್ಕ ಅಂಗಡಿಯಲ್ಲಿ, ಗೋಡೆಗೆ ಒತ್ತಿ ಇಟ್ಟ ಪೆಟ್ಟಿಗೆಯಲ್ಲಿ, ಧೂಳನ್ನು ನುಂಗುತ್ತ ಅದು ದುಡಿಯಬೇಕು.

ಇದನ್ನು ಯಂತ್ರದ ಕಷ್ಟವೆಂದು ತಿಳಿದು ನಕ್ಕು ಬಿಡುವಂತಿಲ್ಲ. ಪಹಣಿ ತೆಗೆಸಲೆಂದೋ, ಮಗಳ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲೆಂದೋ ಹಳ್ಳಿಯಿಂದ ಬಸ್ಸು ಹಿಡಿದು ಬಂದ ರೈತನು ಸಾಲಿನಲ್ಲಿ ನಿಂತಿರುತ್ತಾನೆ. ಮೂರು ಗಂಟೆಯ ಹೊತ್ತಿಗೆ ಯಂತ್ರವು ಮೊದಲು ನಿಧಾನವಾಗುತ್ತದೆ, ಬಳಿಕ ತಾನಾಗಿಯೇ ಆರಿಹೋಗುತ್ತದೆ. “ನಾಳೆ ಬರ್ರಿ” ಎಂಬ ಒಂದು ಮಾತಿನಲ್ಲಿ ಅವನ ಒಂದು ದಿನದ ಕೂಲಿಯೂ ಬಸ್ಸಿನ ದುಡ್ಡೂ ಹೋದವು. ಸಾಲ ಮಾಡಿ ಯಂತ್ರ ಕೊಂಡು ಅಂಗಡಿಯಿಟ್ಟ ತರುಣನ ಹೆಸರೂ ಅಷ್ಟರಮಟ್ಟಿಗೆ ಕೆಡುತ್ತದೆ. ಆದುದರಿಂದ ಗಣಕಯಂತ್ರವನ್ನು ತಂಪಾಗಿಡುವ ವಿಚಾರವು ನಮ್ಮ ಜಿಲ್ಲೆಯ ಮಟ್ಟಿಗಾದರೂ ಜೀವನೋಪಾಯದ ವಿಚಾರವೇ ಆಗಿದೆ.

ಇಂತಹ ತರುಣರೊಬ್ಬರು ಕೆಲವು ತಿಂಗಳ ಹಿಂದೆ ನನ್ನನ್ನು ಕೇಳಿದ ಪ್ರಶ್ನೆಯಿಂದಲೇ ಈ ಲೇಖನವು ಹುಟ್ಟಿತೆನ್ನಬಹುದು. “ಅಜ್ಜಾರ, ಪ್ರೊಸೆಸರಿನ ಮ್ಯಾಲಿನ ತಗಡ ಪಾಲಿಶ್ ಪೇಪರ್ ಹಚ್ಚಿ ತಿಕ್ಕಿದ್ರ ಬಿಸಿ ಕಡಿಮಿ ಆಗ್ತದಂತ್ರಿ. ಖರೇ ಏನ್ರಿ?” ಎಂದರು. ಮಠದಲ್ಲಿ ಸಂಸ್ಕೃತವನ್ನೂ ಹಳಗನ್ನಡವನ್ನೂ ಓದಿದ ನನ್ನನ್ನು ಈ ಪ್ರಶ್ನೆ ಕೇಳಿದುದು ಅವರ ವಿಶ್ವಾಸ. ಆದರೆ ಪ್ರಶ್ನೆಯ ಹೃದಯದಲ್ಲಿರುವುದು ಕಲ್ಲು ತಿಕ್ಕುವವರ ವಿದ್ಯೆಯಾದುದರಿಂದ ಅದು ನನಗೆ ಪೂರ್ಣವಾಗಿ ಅಪರಿಚಿತವೆನಿಸಲಿಲ್ಲ. ಪುಸ್ತಕಗಳನ್ನು ನೋಡಿ, ತಿಳಿದವರನ್ನು ಕೇಳಿ ಅರಿತುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಿಸಿಯ ಮೂಲವನ್ನು ತಿಳಿಯಬೇಕು. ಗಣಕಯಂತ್ರದ ಮೆದುಳೆನ್ನಿಸಿಕೊಳ್ಳುವ ಪ್ರೊಸೆಸರು ಸಿಲಿಕಾನಿನ ಒಂದು ಬಿಲ್ಲೆ. ಅದರಲ್ಲಿ ಕೋಟ್ಯಂತರ ಸೂಕ್ಷ್ಮ ಸ್ವಿಚ್ಚುಗಳಿದ್ದು, ಅವು ಒಂದು ಸೆಕೆಂಡಿನಲ್ಲಿ ನೂರಾರು ಕೋಟಿ ಬಾರಿ ತೆರೆದು ಮುಚ್ಚಬಲ್ಲವು. ಹಾಗೆ ತೆರೆದು ಮುಚ್ಚುವಾಗ ವ್ಯಯವಾಗುವ ವಿದ್ಯುತ್ತೆಲ್ಲವೂ ಕಟ್ಟಕಡೆಗೆ ಶಾಖವಾಗಿಯೇ ಪರಿಣಮಿಸುತ್ತದೆ. 1993ರಲ್ಲಿ ಬಂದ ಮೊದಲ ಪೆಂಟಿಯಂ ಪ್ರೊಸೆಸರು ಸುಮಾರು 15 ವ್ಯಾಟ್ ಶಾಖವನ್ನು ಹೊರಹಾಕುತ್ತಿತ್ತು. ಅಷ್ಟಕ್ಕೇ ಅಂದಿನವರು ಬೆರಗಾಗಿದ್ದರು. 2022ರಲ್ಲಿ ಬಂದ ಇಂಟೆಲ್ ಸಂಸ್ಥೆಯ 13ನೆಯ ತಲೆಮಾರಿನ ಅತ್ಯುನ್ನತ ಮಾದರಿಯು ಪೂರ್ಣ ಶಕ್ತಿಯಿಂದ ದುಡಿಯುವಾಗ 253 ವ್ಯಾಟಿನವರೆಗೆ ಎಳೆಯುತ್ತದೆ. ಹಳೆಯ ಕಾಲದ 100 ವ್ಯಾಟಿನ ಎರಡೂವರೆ ಬಲ್ಬುಗಳ ಬಿಸಿಯೆಲ್ಲ ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಬಿಲ್ಲೆಯೊಂದರಲ್ಲಿ ಹುಟ್ಟುವುದೆಂದರೆ ಎಂತಹ ಸಂಗತಿಯೆಂಬುದನ್ನು ಓದುಗರೇ ಊಹಿಸಿಕೊಳ್ಳಲಿ. ಬಿಲ್ಲೆಯ ಉಷ್ಣತೆ ಸುಮಾರು 100 ಡಿಗ್ರಿಯನ್ನು ಮುಟ್ಟಿದಾಗ ಯಂತ್ರವು ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗವನ್ನು ತಗ್ಗಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ಆರಿಹೋಗುತ್ತದೆ. ನಮ್ಮ ಅಂಗಡಿಯ ಯಂತ್ರ ಮಧ್ಯಾಹ್ನ ಮಂಕಾಗುವುದಕ್ಕೆ ಮುಖ್ಯ ಕಾರಣವಿದು. ಅದು ರೋಗವಲ್ಲ, ಆತ್ಮರಕ್ಷಣೆ.

ಈ ಶಾಖವು ಹೊರಗೆ ಹೋಗುವ ದಾರಿಯನ್ನು ನೋಡೋಣ. ಸಿಲಿಕಾನ್ ಬಿಲ್ಲೆಯ ಮೇಲೆ ತಾಮ್ರದ ಒಂದು ಮುಚ್ಚಳವಿದೆ. ತಾಮ್ರಕ್ಕೆ ನಿಕಲ್ ಲೇಪ ಕೊಟ್ಟಿರುವುದರಿಂದ ಅದು ಬೆಳ್ಳಿಯಂತೆ ಕಾಣುತ್ತದೆ. ತರುಣರು “ತಗಡು” ಎಂದುದು ಇದನ್ನೇ. ಅದರ ಮೇಲೆ ಬೂದುಬಣ್ಣದ ಒಂದು ಲೇಪನ, ಥರ್ಮಲ್ ಪೇಸ್ಟ್ ಎಂಬುದು. ಅದರ ಮೇಲೆ ರೆಕ್ಕೆ ರೆಕ್ಕೆಯಾದ ಲೋಹದ ಗಟ್ಟಿ, ಅಂದರೆ ಹೀಟ್‌ಸಿಂಕು. ಅದರ ಮೇಲೆ ಫ್ಯಾನು. ಬಿಲ್ಲೆಯಿಂದ ಮುಚ್ಚಳಕ್ಕೆ, ಮುಚ್ಚಳದಿಂದ ಪೇಸ್ಟಿಗೆ, ಪೇಸ್ಟಿನಿಂದ ಹೀಟ್‌ಸಿಂಕಿಗೆ, ಅಲ್ಲಿಂದ ಗಾಳಿಗೆ ಹೀಗೆ ಕೈಯಿಂದ ಕೈಗೆ ಶಾಖವು ದಾಟಬೇಕು. ಕಟ್ಟಡಕ್ಕೆ ಸಾಲಾಗಿ ನಿಂತು ಇಟ್ಟಿಗೆ ದಾಟಿಸುವ ಆಳುಗಳಲ್ಲಿ ಒಬ್ಬನು ಮಂದನಾದರೆ ಸಾಲೇ ನಿಲ್ಲುವಂತೆ ಇಲ್ಲಿಯೂ ಒಂದು ಸಂಧಿಯು ಮಂದವಾದರೆ ಬಿಸಿಯು ಹಿಂದೆಯೇ ನಿಲ್ಲುತ್ತದೆ.

ಲೋಹಕ್ಕೆ ಲೋಹವನ್ನು ಒತ್ತಿಹಿಡಿದರೆ ಪೂರ್ತಿ ತಾಗಿತೆಂದು ನಾವು ತಿಳಿಯುತ್ತೇವೆ. ವಸ್ತುಸ್ಥಿತಿ ಬೇರೆ. ಎಷ್ಟೇ ನುಣುಪಾಗಿ ಕಂಡರೂ ಲೋಹದ ಮೈಯು ಸೂಕ್ಷ್ಮದರ್ಶಕದ ಕೆಳಗೆ ಬೆಟ್ಟಗುಡ್ಡಗಳ ನಾಡು. ಶಹಾಪುರದ ಬುದ್ಧ ಮಲಗಿದಂತಿರುವ ಬೆಟ್ಟದ ಸಾಲನ್ನು ಯಾರಾದರೂ ಎತ್ತಿ ಯಾದಗಿರಿಯ ಕೋಟೆಯ ಗುಡ್ಡದ ಮೇಲೆ ಬೋರಲು ಹಾಕಿದರೆ ಎರಡೂ ತಾಗುವುದು ಕೆಲವು ಶಿಖರಗಳಲ್ಲಿ ಮಾತ್ರ; ಉಳಿದೆಡೆಯೆಲ್ಲ ಬರಿಯ ಗಾಳಿ. ಗಾಳಿಯು ಶಾಖದ ಮಟ್ಟಿಗೆ ಮಹಾ ಜಿಪುಣ. ತಾಮ್ರದ ಶಾಖವಾಹಕತೆಯನ್ನು ಮೀಟರೊಂದಕ್ಕೆ ಡಿಗ್ರಿಯೊಂದಕ್ಕೆ ಸುಮಾರು 400 ವ್ಯಾಟ್ ಎಂದಿಟ್ಟುಕೊಂಡರೆ ಗಾಳಿಯದು ಸುಮಾರು 0.026 ಮಾತ್ರ, ಹದಿನೈದು ಸಾವಿರ ಪಟ್ಟು ಕಡಿಮೆ. ಹಾಗಾಗಿ ಆ ಕಣಿವೆಗಳನ್ನು ಗಾಳಿಗೆ ಬಿಡದೆ ಪೇಸ್ಟಿನಿಂದ ತುಂಬುತ್ತಾರೆ. ಪೇಸ್ಟಿನ ವಾಹಕತೆ ಹಲವು ಬಗೆಯದಾದರೂ ಸಾಮಾನ್ಯವಾದುದನ್ನು 4 ಎಂದು ಹಿಡಿಯಬಹುದು. ಗಾಳಿಗಿಂತ ನೂರೈವತ್ತು ಪಟ್ಟು ಮೇಲು. ತಾಮ್ರಕ್ಕಿಂತ ನೂರು ಪಟ್ಟು ಕೀಳು.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡುವುದು ಒಳ್ಳೆಯದು. ಮುಚ್ಚಳವು ಉದ್ದಗಲ 3 ಸೆಂಟಿಮೀಟರ್ ಇದ್ದು, ಅದರ ಮೂಲಕ 100 ವ್ಯಾಟ್ ಶಾಖವು ಸಮನಾಗಿ ಹಾದುಹೋಗುತ್ತಿದೆಯೆಂದು ಭಾವಿಸೋಣ. 2 ಮಿಲಿಮೀಟರ್ ದಪ್ಪದ ತಾಮ್ರವನ್ನು ದಾಟುವಾಗ ಉಷ್ಣತೆಯ ವ್ಯತ್ಯಾಸವು ಸುಮಾರು ಅರ್ಧ ಡಿಗ್ರಿ ಮಾತ್ರ. ಆದರೆ ಒಂದು ತೆಳು ಕೂದಲೆಳೆಯಷ್ಟು, ಅಂದರೆ 0.05 ಮಿಲಿಮೀಟರ್ ದಪ್ಪದ ಪೇಸ್ಟನ್ನು ದಾಟುವಾಗ ಸುಮಾರು 1.4 ಡಿಗ್ರಿ. ಅಷ್ಟೇ ದಪ್ಪದ ಬರಿಯ ಗಾಳಿಯಾಗಿದ್ದರೆ ಲೆಕ್ಕವು 200 ಡಿಗ್ರಿಯನ್ನು ಮೀರುತ್ತದೆ; ಅಂದರೆ ಯಂತ್ರ ನಡೆಯುವ ಮಾತೇ ಇಲ್ಲ. ಕೂದಲೆಳೆಯಷ್ಟು ಪೇಸ್ಟು ಎರಡು ಮಿಲಿಮೀಟರ್ ತಾಮ್ರಕ್ಕಿಂತ ದೊಡ್ಡ ಅಡ್ಡಿಯೆಂಬುದೇ ಈ ಇಡೀ ವಿದ್ಯೆಯ ಕೀಲಕ. ವಾಸ್ತವದಲ್ಲಿ ಶಾಖವು ಮುಚ್ಚಳದ ತುಂಬ ಸಮನಾಗಿ ಹರಡುವುದಿಲ್ಲ. ಬಿಲ್ಲೆಯ ನೇರ ಮೇಲ್ಭಾಗದಲ್ಲಿಯೇ ದಟ್ಟವಾಗಿರುತ್ತದೆ. ಆದುದರಿಂದ ಪೇಸ್ಟಿನ ದಪ್ಪವು ನಡುಭಾಗದಲ್ಲಿ ಹೆಚ್ಚಾದರೆ ನಷ್ಟವು 1.4ರಲ್ಲಿ ನಿಲ್ಲದೆ ನಾಲ್ಕೈದು ಡಿಗ್ರಿಗೂ ಏರಬಹುದು.

ಪೇಸ್ಟು ತೆಳುವಾಗಬೇಕಾದರೆ ಎರಡು ಮೈಗಳೂ ಸಮತಲವಾಗಿರಬೇಕು. ಆದರೆ ಕಾರ್ಖಾನೆಯಿಂದ ಬರುವ ಮುಚ್ಚಳಗಳು ನಿಜವಾದ ಸಮತಲಗಳಲ್ಲ. ಅಚ್ಚಿನಲ್ಲಿ ಒತ್ತಿ ಮಾಡಿದ ವಸ್ತುವಾದುದರಿಂದ ಕೆಲವು ನಡುವೆ ತಗ್ಗಾಗಿರುತ್ತವೆ, ಕೆಲವು ಉಬ್ಬಿರುತ್ತವೆ. ಹೀಟ್‌ಸಿಂಕಿನ ತಳವನ್ನು ಕೆಲವು ತಯಾರಕರು ಬೇಕೆಂದೇ ತುಸು ಉಬ್ಬಾಗಿ ಮಾಡುವುದೂ ಉಂಟು. ಕೂಡಿಸುವ ಕ್ರಮದಿಂದಲೂ ಮುಚ್ಚಳವು ಬಾಗಬಹುದು. 2021ರಲ್ಲಿ ಇಂಟೆಲ್ಲಿನ 12ನೆಯ ತಲೆಮಾರಿನ ಉದ್ದನೆಯ ಪ್ರೊಸೆಸರುಗಳು ಬಂದಾಗ, ಅವನ್ನು ಅದುಮಿಹಿಡಿಯುವ ಲೋಹದ ಚೌಕಟ್ಟು ನಡುವಿನ ಎರಡು ಪಕ್ಕಗಳಲ್ಲಿ ಮಾತ್ರ ಒತ್ತುತ್ತಿದ್ದುದರಿಂದ ಮುಚ್ಚಳವು ಬಾಗಿ ನಡುವೆ ತಗ್ಗಾಗುತ್ತಿದ್ದುದನ್ನು ಬಳಕೆದಾರರು ಗುರುತಿಸಿದರು. ಸುತ್ತಲೂ ಸಮನಾಗಿ ಒತ್ತುವ ಬೇರೊಂದು ಚೌಕಟ್ಟನ್ನು ಹಾಕಿದಾಗ ಹಲವರಿಗೆ ಕೆಲವು ಡಿಗ್ರಿಗಳ ಲಾಭವಾಯಿತು. ಅಲ್ಲಿ ಸವೆಸುವ ಕೆಲಸವೇ ಬೇಕಾಗಲಿಲ್ಲವೆಂಬುದನ್ನು ಗಮನಿಸಬೇಕು.

ಈಗ ತಿಕ್ಕುವ ವಿದ್ಯೆಗೆ ಬರೋಣ. ಅದರ ಇತಿಹಾಸವನ್ನು ಹುಡುಕುತ್ತ ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಹುಣಸಗಿ ಮತ್ತು ಬೈಚಬಾಳದ ಕಣಿವೆಯು ಆದಿಮಾನವನ ನೆಲೆಯೆಂದು ಜಗತ್ತಿನ ವಿದ್ವಾಂಸರಿಗೆಲ್ಲ ಪರಿಚಿತವಾಗಿದೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಧ್ಯಾಪಕ ಕೆ. ಪದ್ದಯ್ಯನವರು ದಶಕಗಳ ಕಾಲ ಇಲ್ಲಿ ಅಲೆದು, ಅಗೆದು, ಅಭ್ಯಸಿಸಿದರು. ಅಲ್ಲಿನ ಇಸಾಂಪುರದಲ್ಲಿ ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಕೊಡಲಿಗಳನ್ನು ಮಾಡುತ್ತಿದ್ದ ತಾಣವು ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯದೆಂದು ಕಾಲನಿರ್ಣಯವಾಗಿದೆ. ಆ ಜನರು ಕಲ್ಲನ್ನು ಬಡಿಯಬಲ್ಲವರಾಗಿದ್ದರು, ಚಕ್ಕೆಯೆಬ್ಬಿಸಬಲ್ಲವರಾಗಿದ್ದರು. ತಿಕ್ಕಿ ನುಣುಪು ಮಾಡಿ ಆಯುಧ ಮಾಡುವ ಕ್ರಮ ಅವರದಲ್ಲ. ಲಕ್ಷಾಂತರ ವರ್ಷಗಳು ಉರುಳಿ ನವಶಿಲಾಯುಗವು ಬಂದಾಗ, ಸುರಪುರ ಸೀಮೆಯ ಬೂದಿಹಾಳದ ಬೂದಿದಿಬ್ಬದಂತಹ ನೆಲೆಗಳಲ್ಲಿ ದನಗಾಹಿಗಳು ವಾಸವಾಗಿದ್ದ ಕಾಲದಲ್ಲಿ, ದಕ್ಷಿಣದ ಈ ಭಾಗದ ಜನರು ಕರಿಕಲ್ಲನ್ನು ಮೊದಲು ಒಡೆದು, ಬಳಿಕ ಕುಟ್ಟಿ, ಕೊನೆಗೆ ಬಂಡೆಯ ಮೇಲೆ ತಿಕ್ಕಿ ನುಣುಪಾದ ಕೊಡಲಿಗಳನ್ನು ಮಾಡುತ್ತಿದ್ದರು. ಒಡೆಯುವುದಕ್ಕೆ ಬಲ ಬೇಕು, ತಿಕ್ಕುವುದಕ್ಕೆ ತಾಳ್ಮೆ ಬೇಕು. ಮನುಷ್ಯನಿಗೆ ಎರಡನೆಯದು ಬರಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಈ ಕಣಿವೆಯಷ್ಟು ಸ್ಪಷ್ಟವಾಗಿ ಹೇಳುವ ನೆಲ ವಿರಳವೆಂದು ನನ್ನ ಭಾವನೆ.

ಇಂದಿಗೂ ನಮ್ಮ ಮನೆಗಳ ನೆಲಕ್ಕೆ ಹಾಸುವ ಫರಸಿಯು ಭೀಮಾ ತೀರದ ಶಹಾಬಾದ ಕಲ್ಲೇ. ಪದರು ಪದರಾಗಿ ಏಳುವ ಈ ಸುಣ್ಣಕಲ್ಲನ್ನು ಕೊಯ್ದು ಪಾಲಿಶ್ ಮಾಡುವವರ ಕ್ರಮವನ್ನು ನೋಡಿದವರಿಗೆ ಪ್ರೊಸೆಸರಿನ ಕೆಲಸವು ಅರ್ಧ ತಿಳಿದಂತೆಯೇ. ಮೊದಲು ಒರಟು ಸಾಣೆ, ಆಮೇಲೆ ಮಧ್ಯಮ, ಕೊನೆಗೆ ನುಣುಪು. ಉದ್ದಕ್ಕೂ ನೀರು ಹರಿಯುತ್ತಿರಬೇಕು. ಒಂದು ಹಂತದ ಗೀರುಗಳು ಪೂರ್ತಿ ಅಳಿಯುವವರೆಗೆ ಮುಂದಿನ ಹಂತಕ್ಕೆ ಹೋಗಬಾರದು. ನೀರು ಧೂಳನ್ನು ಅಡಗಿಸುತ್ತದೆ, ಬಿಸಿಯನ್ನು ತಗ್ಗಿಸುತ್ತದೆ, ಸವೆದ ಪುಡಿಯನ್ನು ತೊಳೆದು ಒಯ್ಯುತ್ತದೆ.

ಆದರೆ ನುಣುಪು ಬೇರೆ, ಸಮತಲ ಬೇರೆ. ಇದನ್ನು ನಮ್ಮ ಮನೆಗಳ ಗಂಧದ ಸಾಣೆಕಲ್ಲಿನಷ್ಟು ಚೆನ್ನಾಗಿ ಕಲಿಸುವ ಗುರು ಇನ್ನೊಬ್ಬನಿಲ್ಲ. ಅಜ್ಜನ ಕಾಲದಿಂದ ಗಂಧ ತೇಯ್ದ ಕಲ್ಲನ್ನು ಕೈಯಿಂದ ಸವರಿ ನೋಡಿರಿ, ಬೆಣ್ಣೆಯಂತೆ ನುಣುಪಾಗಿರುತ್ತದೆ. ಆದರೆ ಅದರ ಮೇಲೆ ಒಂದು ನೆಟ್ಟನೆಯ ಅಡ್ಡಪಟ್ಟಿಯನ್ನಿಟ್ಟರೆ ನಡುವೆ ಬೆರಳು ತೂರುವಷ್ಟು ತಗ್ಗು. ತೇಯುವ ಕೈ ಸದಾ ನಡುವಿನಲ್ಲಿಯೇ ಓಡಾಡಿದುದರ ಫಲವಿದು. ಅಂತೆಯೇ ಬೀಸುವ ಕಲ್ಲಿನ ಎರಡು ಹೋಳುಗಳು ಒಂದನ್ನೊಂದು ತಿಕ್ಕುತ್ತ ವರ್ಷಗಟ್ಟಲೆ ತಿರುಗಿ, ಒಂದರ ಉಬ್ಬಿಗೆ ಇನ್ನೊಂದರ ತಗ್ಗು ಕೂಡುವಂತಾಗುತ್ತವೆ. ಎರಡು ಮೈಗಳು ಪರಸ್ಪರ ಚೆನ್ನಾಗಿ ಕೂಡಿದ ಮಾತ್ರಕ್ಕೆ ಎರಡೂ ಸಮತಲವೆಂದು ಹೇಳಲಾಗದು. ದೂರದರ್ಶಕದ ಕನ್ನಡಿಯನ್ನು ಮಾಡುವವರು ಇದನ್ನೇ ಉಪಾಯವಾಗಿ ಬಳಸುತ್ತಾರೆ: ಎರಡು ಗಾಜಿನ ಬಿಲ್ಲೆಗಳನ್ನು ನಡುವೆ ಪುಡಿ ಹಾಕಿ ಕ್ರಮವರಿತು ತಿಕ್ಕಿದರೆ ಮೇಲಿನದು ತಗ್ಗಾಗಿ, ಕೆಳಗಿನದು ಉಬ್ಬಾಗಿ, ಗೋಳದ ಮೈ ತಾನಾಗಿ ದೊರೆಯುತ್ತದೆ.

ಹಾಗಾದರೆ ನಿಜವಾದ ಸಮತಲವು ಹುಟ್ಟುವುದು ಹೇಗೆ? ಅಳೆಯಲು ಮೊದಲೇ ಒಂದು ಸಮತಲ ಬೇಕು; ಆ ಮೊದಲನೆಯದನ್ನು ಯಾವುದರಿಂದ ಅಳೆಯುವುದು? ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಯಂತ್ರಶಿಲ್ಪಿಗಳು ಇದಕ್ಕೆ ಸೊಗಸಾದ ಉತ್ತರವನ್ನು ಬಳಕೆಗೆ ತಂದರು. ಎರಡರ ಬದಲು ಮೂರು ಫಲಕಗಳನ್ನು ತೆಗೆದುಕೊಳ್ಳಬೇಕು. ಮೊದಲನೆಯದಕ್ಕೆ ಎರಡನೆಯದನ್ನು ಕೂಡಿಸಿ, ಎರಡನೆಯದಕ್ಕೆ ಮೂರನೆಯದನ್ನು ಕೂಡಿಸಿ, ಆಮೇಲೆ ಮೂರನೆಯದನ್ನು ಮೊದಲನೆಯದರ ಮೇಲಿಟ್ಟು ನೋಡಬೇಕು. ಮೊದಲನೆಯದು ಉಬ್ಬಿದ್ದರೆ ಎರಡನೆಯದು ತಗ್ಗಾಗಿರುತ್ತದೆ. ತಗ್ಗಿಗೆ ಕೂಡಿದ ಮೂರನೆಯದೂ ಉಬ್ಬೇ. ಉಬ್ಬಿನ ಮೇಲೆ ಉಬ್ಬು ಕೂಡದೆ ಅಲ್ಲಾಡಿ ಸುಳ್ಳು ಬಯಲಾಗುತ್ತದೆ. ಹೀಗೆ ಮೂರನ್ನೂ ತಿರುತಿರುಗಿ ತಿದ್ದುತ್ತ ಹೋದರೆ, ಯಾವ ಜೋಡಿಯನ್ನು ಹಿಡಿದರೂ ಕೂಡುವ ಸ್ಥಿತಿ ಬಂದಾಗ ಮೂರೂ ಸಮತಲಗಳೇ ಆಗಿರಬೇಕು. ಜೋಸೆಫ್ ವಿಟ್‌ವರ್ತ್ ಎಂಬವರು 1840ರಲ್ಲಿ ಗ್ಲಾಸ್ಗೋ ನಗರದ ವಿಜ್ಞಾನ ಸಭೆಯಲ್ಲಿ ಲೋಹದ ಸಮತಲಗಳನ್ನು ಕುರಿತು ಓದಿದ ಪ್ರಬಂಧವು ಈ ಕ್ಷೇತ್ರದಲ್ಲಿ ಪ್ರಸಿದ್ಧವಾಗಿದೆ. ಪುಡಿ ಹಾಕಿ ತಿಕ್ಕುವುದಕ್ಕಿಂತ, ಉಬ್ಬಿದ ಕಡೆಯನ್ನು ಗುರುತಿಸಿ ಉಳಿಯಿಂದ ಕೆರೆದು ತೆಗೆಯುವುದೇ ಶ್ರೇಷ್ಠವೆಂದು ಅವರು ವಾದಿಸಿದರು. ಇಂದು ಕಾರ್ಖಾನೆಗಳ ಅಳತೆಯ ಕೋಣೆಗಳಲ್ಲಿ ಮಾನದಂಡವಾಗಿ ಇಡುವ ಫಲಕಗಳು ಬಹುಮಟ್ಟಿಗೆ ಕಲ್ಲಿನವು. ದಕ್ಷಿಣ ಭಾರತದ ಕರಿಕಲ್ಲೂ ಅದಕ್ಕೆ ಬಳಕೆಯಾಗುತ್ತದೆ. ಲೋಹದ ನೇರವನ್ನು ಕಲ್ಲಿನಿಂದ ಪರೀಕ್ಷಿಸುವ ಕಾಲ ಬಂದಿದೆಯೆನ್ನಬೇಕು. ಅಷ್ಟೇ ಏಕೆ, ಪ್ರೊಸೆಸರಿನ ಒಳಗಿರುವ ಸಿಲಿಕಾನ್ ಬಿಲ್ಲೆಯೂ ತಿಕ್ಕಿಸಿಕೊಂಡು, ನುಣುಪಾಗಿ, ಆಮೇಲೆ ತಾನೆ ಸ್ವಿಚ್ಚುಗಳನ್ನು ಹೊತ್ತದ್ದು.

ಪ್ರೊಸೆಸರಿನ ಮುಚ್ಚಳವನ್ನು ತಿಕ್ಕುವ ಹವ್ಯಾಸಿಗಳು ಅನುಸರಿಸುವ ಕ್ರಮವನ್ನು ಈಗ ಹೇಳುತ್ತೇನೆ. ಮಾಡಿರೆಂದು ಹೇಳುತ್ತಿಲ್ಲ, ತಿಳಿದಿರಲಿ ಎಂದು ಹೇಳುತ್ತಿದ್ದೇನೆ. ದಪ್ಪನೆಯ ಗಾಜಿನ ಹಲಗೆಯೊಂದನ್ನು ಗಟ್ಟಿಯಾದ ಮೇಜಿನ ಮೇಲಿಡುತ್ತಾರೆ, ಏಕೆಂದರೆ ಸುಲಭವಾಗಿ ದೊರೆಯುವ ವಸ್ತುಗಳಲ್ಲಿ ಗಾಜೇ ಹೆಚ್ಚು ಸಮತಲವಾದುದು. ಅದರ ಮೇಲೆ ನೀರಿನಲ್ಲಿ ಬಳಸುವ ಕರಿಯ ಪಾಲಿಶ್ ಪೇಪರನ್ನು ಸುಕ್ಕಿಲ್ಲದಂತೆ ಅಂಟಿಸುತ್ತಾರೆ. 400 ನಂಬರಿನಿಂದ ತೊಡಗಿ 800, 1200 ಹೀಗೆ ಮೇಲೇರುತ್ತಾರೆ. ನಂಬರು ಹೆಚ್ಚಿದಷ್ಟೂ ಕಾಗದ ನುಣುಪು. ಪ್ರೊಸೆಸರಿನ ಕೆಳಮೈಯ ಸಂಪರ್ಕಗಳನ್ನು ಪೂರ್ತಿ ಮುಚ್ಚಿ, ಮುಚ್ಚಳವನ್ನು ಕೆಳಮುಖ ಮಾಡಿ, ಅದುಮದೆ, ತನ್ನ ಭಾರದಿಂದಲೇ ಎಂಬಂತೆ ನಿಧಾನವಾಗಿ ಎಳೆಯುತ್ತಾರೆ. ಹತ್ತಿಪ್ಪತ್ತು ಎಳೆತಗಳಾದೊಡನೆ ಕಾಲು ಸುತ್ತು ತಿರುಗಿಸುತ್ತಾರೆ, ಇಲ್ಲವಾದರೆ ಬೆರಳ ಭಾರ ಬಿದ್ದ ಪಕ್ಕವೇ ಹೆಚ್ಚು ಸವೆದು ಮುಚ್ಚಳವು ವಾಲುತ್ತದೆ.

ಇದರಲ್ಲಿ ಒಂದು ರಮ್ಯವಾದ ಸಂಗತಿಯಿದೆ. ಮೇಲಿನ ನಿಕಲ್ ಲೇಪವು ಬಿಳಿ, ಕೆಳಗಿನ ತಾಮ್ರವು ಕೆಂಪು. ತಿಕ್ಕಿದಂತೆಲ್ಲ ಎಲ್ಲಿ ಉಬ್ಬಿದೆಯೋ ಅಲ್ಲಿ ಮೊದಲು ಕೆಂಪು ಕಾಣಿಸಿಕೊಳ್ಳುತ್ತದೆ. ನಾಲ್ಕು ಅಂಚುಗಳಲ್ಲಿ ಕೆಂಪು ಮೂಡಿ ನಡುವೆ ಬಿಳಿ ಉಳಿದಿದ್ದರೆ ಮುಚ್ಚಳವು ತಗ್ಗಾಗಿತ್ತೆಂದು ಅರ್ಥ. ನಡುವೆ ಮೊದಲು ಕೆಂಪಾದರೆ ಉಬ್ಬಾಗಿತ್ತೆಂದು ಅರ್ಥ. ಅಲ್ಲಿಯವರೆಗೆ ಕಣ್ಣಿಗೆ ಕಾಣದಿದ್ದ ಡೊಂಕು ಬಣ್ಣವಾಗಿ ಎದುರಿಗೆ ಬರುತ್ತದೆ. ಮೈಯೆಲ್ಲ ಸಮನಾಗಿ ಕೆಂಪಾದಾಗ ಒರಟು ಹಂತವು ಮುಗಿಯಿತು. ಬಳಿಕ ಹೊಸ ಬ್ಲೇಡಿನ ಅಂಚನ್ನು ಅಡ್ಡಲಾಗಿಯೂ ಕರ್ಣವಾಗಿಯೂ ಹಿಡಿದು, ಹಿಂದೆ ದೀಪವಿಟ್ಟು ನೋಡುತ್ತಾರೆ. ಕೂದಲೆಳೆಗಿಂತ ತೆಳುವಾದ ಸಂದಿದ್ದರೂ ಬೆಳಕು ನುಸುಳಿ ತಿಳಿಸುತ್ತದೆ.

ಇಲ್ಲಿ ತರುಣರು ಎಡವುವ ಸ್ಥಳವೊಂದಿದೆ. ಕನ್ನಡಿಯಂತೆ ಹೊಳೆಯಬೇಕೆಂಬ ಆಸೆಯಿಂದ ಬಟ್ಟೆಗೆ ಪಾಲಿಶು ಹಚ್ಚಿ ಕೈಯಿಂದ ಗಸಗಸನೆ ಉಜ್ಜುತ್ತಾರೆ. ಮೆತ್ತನೆಯ ಬಟ್ಟೆಯು ಅಂಚುಗಳನ್ನು ಹೆಚ್ಚಾಗಿ ತಿಂದು, ಕಷ್ಟಪಟ್ಟು ಗಳಿಸಿದ ಸಮತಲವನ್ನು ಮತ್ತೆ ದುಂಡಗೆ ಮಾಡುತ್ತದೆ. ನಮ್ಮ ತಾಯಂದಿರು ಹುಣಸೆಹಣ್ಣು ಹಚ್ಚಿ ಬೆಳಗಿದ ತಾಮ್ರದ ತಂಬಿಗೆಯಲ್ಲಿ ಮುಖ ಕಾಣುತ್ತದೆ. ಆದರೆ ಅದರ ಹೊಟ್ಟೆಯ ತಗ್ಗುಗಳೇನೂ ಬೆಳಗಿದ್ದರಿಂದ ಹೋಗಿರುವುದಿಲ್ಲ. ಶಾಖಕ್ಕೆ ಬೇಕಾದುದು ಸಮ, ಹೊಳಪಲ್ಲ. 1200ರ ಆಚೆಗೆ ದೊರೆಯುವ ಲಾಭವು ಕಣ್ಣಿಗೆ ದೊಡ್ಡದು, ಉಷ್ಣತಾಮಾಪಕಕ್ಕೆ ಅಷ್ಟಿಲ್ಲ. ಮತ್ತೊಂದು ಮಾತು: ಮುಚ್ಚಳವನ್ನು ಮಾತ್ರ ತಿಕ್ಕಿ ಹೀಟ್‌ಸಿಂಕಿನ ತಳವನ್ನು ಹಾಗೆಯೇ ಬಿಟ್ಟರೆ ಕೆಲಸ ಅರ್ಧ. ಮೊದಲು ಉಬ್ಬಿಗೆ ತಗ್ಗು ಕೂಡಿಕೊಂಡಿದ್ದ ಜೋಡಿಯಲ್ಲಿ ಒಂದನ್ನಷ್ಟೇ ಸಮ ಮಾಡಿದರೆ ಬಿಸಿಯು ಹೆಚ್ಚಾಗುವುದೂ ಉಂಟು.

ಅಪಾಯಗಳನ್ನು ಮರೆಮಾಚಬಾರದು. ಮುಚ್ಚಳದ ಮೇಲೆ ಕೊರೆದಿರುವ ಮಾದರಿಯ ಹೆಸರೂ ಸಂಖ್ಯೆಯೂ ಅಳಿದುಹೋಗುತ್ತವೆ. ಅಲ್ಲಿಗೆ ಗ್ಯಾರಂಟಿಯ ಮಾತು ಮುಗಿಯಿತು, ಮುಂದೆ ಮಾರುವಾಗ ಬೆಲೆಯೂ ಇಳಿಯುತ್ತದೆ. ತಾಮ್ರದ ಪುಡಿಯು ವಿದ್ಯುತ್ತನ್ನು ಒಯ್ಯುವ ವಸ್ತು. ಅದರ ಒಂದು ಕಣವು ಸಂಪರ್ಕಗಳ ನಡುವೆ ಸಿಕ್ಕಿಕೊಂಡರೂ ಯಂತ್ರಕ್ಕೆ ಕೇಡು. ನೀರು ಪೂರ್ತಿ ಆರುವ ಮೊದಲು ಕೂಡಿಸುವ ಆತುರವೂ ಹಾಗೆಯೇ. ನಮ್ಮ ಬೇಸಿಗೆಯ ಒಣ ಹವೆಯಲ್ಲಿ ಮೈಮೇಲೆ ಸ್ಥಿರವಿದ್ಯುತ್ತು ಸುಲಭವಾಗಿ ಕೂಡಿಕೊಳ್ಳುತ್ತದೆ. ಟೆರಿಲಿನ್ ಅಂಗಿಯನ್ನು ತೆಗೆಯುವಾಗ ಚಟಚಟ ಎನ್ನುವುದನ್ನು ಎಲ್ಲರೂ ಬಲ್ಲರು. ನಮಗೆ ಗೊತ್ತೇ ಆಗದ ಆ ಚಟಕು ಪ್ರೊಸೆಸರಿಗೆ ಮಾರಕವಾಗಬಲ್ಲುದು. ನಿಕಲ್ಲಿನ ಪುಡಿಯು ಕೆಲವರ ಚರ್ಮಕ್ಕೆ ಆಗದು; ಒಣಗಿಸಿ ತಿಕ್ಕಿದರೆ ಉಸಿರಿಗೂ ಒಳ್ಳೆಯದಲ್ಲ.

ಇನ್ನು ಕೆಲವೆಡೆ ತಿಕ್ಕುವುದು ಪೂರ್ತಿ ವ್ಯರ್ಥ. ನಮ್ಮ ಅನೇಕ ಅಂಗಡಿಗಳಲ್ಲಿ ಇರುವುದು ದೊಡ್ಡ ಊರುಗಳ ಕಚೇರಿಗಳು ಬಳಸಿ ಬಿಟ್ಟ ಹಳೆಯ ಯಂತ್ರಗಳು. 2012ರಿಂದ ಕೆಲವು ವರ್ಷಗಳ ಕಾಲ ಇಂಟೆಲ್ ಸಂಸ್ಥೆಯು ಸಾಮಾನ್ಯ ಮೇಜುಗಣಕಗಳ ಪ್ರೊಸೆಸರುಗಳಲ್ಲಿ ಬಿಲ್ಲೆಗೂ ಮುಚ್ಚಳಕ್ಕೂ ನಡುವೆ ಲೋಹದ ಬೆಸುಗೆಯ ಬದಲು ಪೇಸ್ಟನ್ನೇ ಹಾಕುತ್ತಿತ್ತು. 2018ರಲ್ಲಿ ಉನ್ನತ ಮಾದರಿಗಳಿಗೆ ಬೆಸುಗೆಯನ್ನು ಮತ್ತೆ ತಂದಿತು. ಅಂತಹ ಹಳೆಯ ಪ್ರೊಸೆಸರುಗಳಲ್ಲಿ ದೊಡ್ಡ ಅಡ್ಡಿಯು ಮುಚ್ಚಳದ ಒಳಗೇ ಇರುವಾಗ ಹೊರಮೈಯನ್ನು ಎಷ್ಟು ಸವೆಸಿದರೇನು? ಬಾಗಿಲು ಮುಚ್ಚಿದ ಮನೆಯ ಅಂಗಳವನ್ನು ಗುಡಿಸಿದಂತೆ. ಲ್ಯಾಪ್‌ಟಾಪಿನಲ್ಲಂತೂ ಸಾಮಾನ್ಯವಾಗಿ ಮುಚ್ಚಳವೇ ಇರುವುದಿಲ್ಲ. ಅಲ್ಲಿ ಕಾಣುವ ಹೊಳಪಿನ ಬಿಲ್ಲೆಯು ಸಿಲಿಕಾನೇ. ಅದಕ್ಕೆ ಪಾಲಿಶ್ ಪೇಪರ್ ತಾಗಿಸುವ ಯೋಚನೆಯನ್ನೂ ಮಾಡಕೂಡದು.

ಇವೆಲ್ಲವನ್ನೂ ಬದಿಗಿಟ್ಟು ಲಾಭವನ್ನಷ್ಟೇ ತೂಗಿ ನೋಡಿದರೂ, ಒಳ್ಳೆಯ ಕೈಯಿಂದ ಆದ ಕೆಲಸವು ಸಾಮಾನ್ಯವಾಗಿ ತರುವುದು ಕೆಲವೇ ಡಿಗ್ರಿಗಳ ಇಳಿಕೆ. ಈಗ ನಮ್ಮ ಊರಿನ ಲೆಕ್ಕವನ್ನು ಹಿಡಿಯೋಣ. ಫ್ಯಾನಿರುವ ಹೀಟ್‌ಸಿಂಕು ಎಷ್ಟೇ ಉತ್ತಮವಾಗಿದ್ದರೂ ಸುತ್ತಲಿನ ಗಾಳಿಗಿಂತ ಕೆಳಗೆ ಪ್ರೊಸೆಸರನ್ನು ತಂಪು ಮಾಡಲಾರದು. ಗಾಳಿಯ ಉಷ್ಣತೆಯ ಮೇಲೆ ಇಷ್ಟು ಡಿಗ್ರಿ ಎಂದೇ ಅದರ ಲೆಕ್ಕ. ಬೆಂಗಳೂರಿನ 30 ಡಿಗ್ರಿಯ ಕೋಣೆಯಲ್ಲಿ 80 ಡಿಗ್ರಿಯಲ್ಲಿ ನಡೆಯುವ ಯಂತ್ರವು ಯಾದಗಿರಿಯ 42 ಡಿಗ್ರಿಯ ಅಂಗಡಿಯಲ್ಲಿ ಅದೇ ಕೆಲಸಕ್ಕೆ 92ರ ಸುಮಾರಿಗೆ ಏರುತ್ತದೆ. ಈ ಹನ್ನೆರಡು ಡಿಗ್ರಿಗಳ ಮುಂದೆ ಸಾಣೆಯ ಮೂರು ನಾಲ್ಕು ಡಿಗ್ರಿಗಳು ಏನು ಮಾಡಿಯಾವು?

ಆದುದರಿಂದ ಆ ತರುಣರಿಗೆ ನಾನು ಹೇಳಿದುದು ಇಷ್ಟು. ಮೊದಲು ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂತಿರುವ ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ಆಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡಿರಿ. ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯಿರಿ, ನೆಲದಿಂದ ಮೇಲೆತ್ತಿರಿ. ವರ್ಷಗಳಿಂದ ಒಣಗಿ ಸುಣ್ಣದ ಚಕ್ಕೆಯಂತಾದ ಪೇಸ್ಟನ್ನು ಸ್ಪಿರಿಟಿನಿಂದ ಒರೆಸಿ ಹೊಸದನ್ನು ಹಚ್ಚಿರಿ. ಬೇಸಿಗೆಯಲ್ಲಿ ಕಿಟಕಿಗೆ ನೀರಿನ ಕೂಲರನ್ನು ಕೂಡಿಸಿರಿ. ನಮ್ಮದು ಒಣ ಬಿಸಿಲಾದುದರಿಂದ, ಹರವಿಯ ನೀರು ತಣ್ಣಗಾಗುವ ನ್ಯಾಯದಿಂದಲೇ, ಅದು ಕೋಣೆಯ ಗಾಳಿಯನ್ನು ಹತ್ತು ಡಿಗ್ರಿಯಷ್ಟು ಇಳಿಸಬಲ್ಲುದು. ಆ ಹತ್ತೂ ನೇರವಾಗಿ ಯಂತ್ರಕ್ಕೆ ಸಲ್ಲುತ್ತವೆ, ಸಾಲಿನಲ್ಲಿ ನಿಂತವರಿಗೂ ಸಲ್ಲುತ್ತವೆ. ಹಸಿ ಗಾಳಿ ಮಾತ್ರ ನೇರವಾಗಿ ಪೆಟ್ಟಿಗೆಗೆ ಬಡಿಯದಿರಲಿ.

“ಅಂದ್ರ ತಿಕ್ಕೂದು ಬ್ಯಾಡಂತೀರಿ?” ಎಂದು ಅವರು ಕೇಳಿದರು. ಹೊಟ್ಟೆಪಾಡಿನ ಯಂತ್ರದ ಮೇಲೆ ಬೇಡವೆಂದೆ. ಕೆಟ್ಟುಹೋದ ಹಳೆಯ ಪ್ರೊಸೆಸರೊಂದು ಸಿಕ್ಕರೆ, ಅದರ ಮೇಲೆ ಕೈ ಪಳಗಿಸಿಕೊಳ್ಳಲು ಅಡ್ಡಿಯಿಲ್ಲ. ಕಾಗದದ ಮೇಲೆ ಬಿಳಿಯು ಕೆಂಪಾಗುವುದನ್ನು ಒಮ್ಮೆ ಕಣ್ಣಾರೆ ಕಂಡವನಿಗೆ ಸಮತಲವೆಂದರೇನೆಂಬುದು ಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಹೇಗೂ, ತಿಕ್ಕುವ ಅವಶ್ಯಕತೆ ಇದೆಯೋ ಇಲ್ಲವೋ ಎಂಬುದನ್ನು ತಿಕ್ಕದೆಯೇ ತಿಳಿಯುವ ಮಾರ್ಗವೊಂದುಂಟು. ಹೊಸ ಪೇಸ್ಟನ್ನು ಹಚ್ಚಿ, ಹೀಟ್‌ಸಿಂಕನ್ನು ಕ್ರಮದಂತೆ ಬಿಗಿದು, ಯಂತ್ರವನ್ನು ಒಂದು ಗಂಟೆ ನಡೆಸಿ, ಆರಿಸಿ, ನಿಧಾನವಾಗಿ ತಿರುವುತ್ತ ಹೀಟ್‌ಸಿಂಕನ್ನು ಮೇಲೆತ್ತಿ ನೋಡಬೇಕು. ನಡುವೆ ಲೋಹದ ಬಣ್ಣ ಕಾಣುವಷ್ಟು ಪೇಸ್ಟು ತೆಳುವಾಗಿ ಹರಡಿದ್ದರೆ ಒತ್ತಡವು ಬೇಕಾದಲ್ಲಿಯೇ ಬೀಳುತ್ತಿದೆ. ಇದ್ದುದನ್ನು ಒರೆಸಿ, ಹೊಸದನ್ನು ಹಚ್ಚಿ, ಮುಚ್ಚಿಬಿಡಬಹುದು. ನಡುವೆ ದಪ್ಪನೆಯ ಬೂದು ಗುಡ್ಡೆ ಉಳಿದು ಅಂಚುಗಳು ಮಾತ್ರ ತೆಳುವಾಗಿದ್ದರೆ ಅಲ್ಲಿ ತಗ್ಗಿದೆ. ಆಗಲೂ ಪಾಲಿಶ್ ಪೇಪರಿಗೆ ಕೈ ಹಾಕುವ ಮೊದಲು ನಾಲ್ಕು ತಿರುಪುಗಳನ್ನು ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ, ಸಮನಾಗಿ ಬಿಗಿದು ಇನ್ನೊಮ್ಮೆ ಅಚ್ಚು ತೆಗೆದು ನೋಡಬೇಕು.